ಯುರೋಪಿನ ಉದ್ಯಾನಗಳಲ್ಲಿ ವಿನ್ಯಾಸ ಮೊದಲೋ, ನೀರಿನ ವ್ಯವಸ್ಥೆ ಮೊದಲೋ?

ಪ್ರಶ್ನೆ: ಇತಿಹಾಸ ಉಪನ್ಯಾಸಕ, ಗಂಗಾವತಿ

ಎಲ್ಲರಿಗೂ ಶರಣು. ನಾನು ಗಂಗಾವತಿಯ ಪದವಿ ಕಾಲೇಜೊಂದರಲ್ಲಿ ಇತಿಹಾಸ ಬೋಧಿಸುತ್ತೇನೆ. ಯುರೋಪಿನ ಇತಿಹಾಸದ ಪಾಠದಲ್ಲಿ ಹದಿನಾಲ್ಕನೆಯ ಲೂಯಿಯ ಪ್ರಸ್ತಾಪ ಬಂದಾಗ ವರ್ಸೈ ಅರಮನೆಯ ಉದ್ಯಾನದ ಚಿತ್ರಗಳನ್ನು ತರಗತಿಯಲ್ಲಿ ತೋರಿಸುವುದು ನನ್ನ ರೂಢಿ. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಊರುಗಳಿಂದ ಬರುವವರು. ಈ ಸಲ ಅವರು ಅರಸನ ವೈಭವದ ಬಗ್ಗೆ ಏನನ್ನೂ ಕೇಳಲಿಲ್ಲ. ವಿದ್ಯುತ್ ಇಲ್ಲದ ಕಾಲದಲ್ಲಿ ಅಷ್ಟೊಂದು ಕಾರಂಜಿಗಳಿಗೆ ನೀರು ಏರುತ್ತಿದ್ದುದು ಹೇಗೆ, ಅದು ಯಾವ ಹೊಳೆಯ ನೀರು, ಅಷ್ಟು ನೀರನ್ನು ತೋಟಕ್ಕೆ ಬಿಟ್ಟರೆ ಊರಿನವರು ಏನು ಕುಡಿಯುತ್ತಿದ್ದರು ಎಂದು ಕೇಳಿದರು.

ನನ್ನ ಬಳಿ ಇರುವ ಪುಸ್ತಕಗಳು ಉದ್ಯಾನದ ಸಮಾಂಗತೆಯನ್ನೂ ಅದರ ಹಿಂದಿನ ರಾಜಕೀಯ ಉದ್ದೇಶವನ್ನೂ ವಿಸ್ತಾರವಾಗಿ ಹೇಳುತ್ತವೆ, ಆದರೆ ನೀರಿನ ವಿಷಯವನ್ನು ಒಂದೆರಡು ಸಾಲುಗಳಲ್ಲಿ ಮುಗಿಸುತ್ತವೆ. ಇಟಲಿಯ ಉದ್ಯಾನಗಳು ಗುಡ್ಡದ ಮೇಲೆ ಮೆಟ್ಟಿಲುಮೆಟ್ಟಿಲಾಗಿ ಇಳಿಯುತ್ತವೆ, ಫ್ರಾನ್ಸಿನವು ಸಮತಟ್ಟಾಗಿ ಹರಡಿಕೊಂಡಿವೆ, ಇಂಗ್ಲೆಂಡಿನಲ್ಲಿ ಕಾರಂಜಿಯ ಬದಲು ಕೆರೆಯೇ ಮುಖ್ಯವಾಗುತ್ತದೆ. ಈ ವ್ಯತ್ಯಾಸಗಳು ಅಭಿರುಚಿಯಿಂದ ಮಾತ್ರ ಬಂದವೇ, ಅಥವಾ ನೀರು ಸಿಕ್ಕ ಬಗೆಯೇ ಉದ್ಯಾನದ ಆಕಾರವನ್ನು ತೀರ್ಮಾನಿಸಿತೇ? ನೀರಾವರಿ ಇಲಾಖೆಯಲ್ಲಿ ಕೆಲಸ ಮಾಡಿದವರು ಮತ್ತು ಉದ್ಯಾನಗಳ ಬಗ್ಗೆ ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ನೀರಾವರಿ ಇಂಜಿನಿಯರ್, ಸಿಂಧನೂರು

ಗುರುಗಳೇ, ಕಾಲುವೆ ನೋಡಿ ಬೆಳೆದ ಮಕ್ಕಳು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಾರೆ. ನನ್ನ ಅಭಿಪ್ರಾಯದಲ್ಲಿ ನೀರಿನ ಮೂಲ ಎಷ್ಟು ಎತ್ತರದಲ್ಲಿದೆ ಎಂಬುದೇ ಯುರೋಪಿನ ಉದ್ಯಾನಗಳ ಬಹುಪಾಲು ವಿನ್ಯಾಸವನ್ನು ತೀರ್ಮಾನಿಸಿದೆ. ಅಭಿರುಚಿ, ಪ್ರತಿಷ್ಠೆ ಎಲ್ಲವೂ ಅದರ ನಂತರದ ಮಾತು.

ರೋಮನ್ನರಿಂದ ಆರಂಭಿಸಬೇಕು. ರೋಮ್ ನಗರಕ್ಕೆ ಮೊದಲ ಕಾಲುವೆ ಬಂದದ್ದು ಕ್ರಿ.ಪೂ. 312ರಲ್ಲಿ. ಮುಂದಿನ ಐದು ಶತಮಾನಗಳಲ್ಲಿ ಅಂಥ ಹನ್ನೊಂದು ಕಾಲುವೆಗಳಾದವು. ಚಿತ್ರಗಳಲ್ಲಿ ನಾವು ನೋಡುವ ಕಮಾನುಗಳ ಮೇಲ್ಗಾಲುವೆಗಳು ಅವುಗಳ ಸಣ್ಣ ಭಾಗ ಮಾತ್ರ, ಹೆಚ್ಚಿನ ದೂರ ನೀರು ನೆಲದೊಳಗೇ ಹರಿಯುತ್ತಿತ್ತು. ಫ್ರಾನ್ಸಿನ ನೀಮ್ ಪಟ್ಟಣಕ್ಕೆ ರೋಮನ್ನರು ಕಟ್ಟಿದ ಕಾಲುವೆಯ ಉದ್ದ ಸುಮಾರು 50 ಕಿಲೋಮೀಟರ್, ಆದರೆ ಅಷ್ಟು ಉದ್ದಕ್ಕೂ ಸಿಕ್ಕ ಒಟ್ಟು ಇಳಿಜಾರು 12ರಿಂದ 13 ಮೀಟರ್ ಮಾತ್ರ. ಅಂದರೆ ಕಿಲೋಮೀಟರಿಗೆ ಸರಾಸರಿ 25 ಸೆಂಟಿಮೀಟರ್. ಸುಮಾರು 49 ಮೀಟರ್ ಎತ್ತರದ ಪೋಂ ದ್ಯು ಗಾರ್ ಎಂಬ ಪ್ರಸಿದ್ಧ ಸೇತುವೆಯನ್ನು ಕಟ್ಟಿದ್ದೇ ಆ ಇಳಿಜಾರನ್ನು ಕಳೆದುಕೊಳ್ಳದೆ ಕಣಿವೆಯನ್ನು ದಾಟುವುದಕ್ಕಾಗಿ. ಎಡದಂಡೆ ಕಾಲುವೆಯ ಮೇಲೆ ಲೆವೆಲ್ ಉಪಕರಣ ಇಟ್ಟುಕೊಂಡು ಬಿಸಿಲಲ್ಲಿ ನಿಂತವರಿಗೆ, ಇಷ್ಟು ಕಡಿಮೆ ಇಳಿಜಾರನ್ನು ಇಷ್ಟು ದೂರ ಕಾಯ್ದುಕೊಂಡು ಹೋಗುವುದು ಎಂಥ ಕೆಲಸವೆಂಬುದು ಹೇಳದೆಯೇ ಅರ್ಥವಾಗುತ್ತದೆ.

ಇಟಲಿಯ ಪುನರುಜ್ಜೀವನ ಕಾಲದ ಉದ್ಯಾನಗಳು ಈ ವಿದ್ಯೆಯನ್ನೇ ಮುಂದುವರಿಸಿದವು. ರೋಮಿನ ಸಮೀಪದ ತಿವೊಲಿಗೆ 1550ರಲ್ಲಿ ಕಾರ್ಡಿನಲ್ ಇಪ್ಪೊಲಿತೊ ದ ಎಸ್ತೆ ರಾಜ್ಯಪಾಲನಾಗಿ ಬಂದ. ಅವನು ತನ್ನ ಉದ್ಯಾನಕ್ಕೆ ಆರಿಸಿದ್ದು ಊರಿನ ಅಂಚಿನಲ್ಲಿದ್ದ ಕಡಿದಾದ ಇಳಿಜಾರನ್ನು. ಪಿರ್ರೊ ಲಿಗೊರಿಯೊ ರೂಪಿಸಿದ ಈ ಉದ್ಯಾನಕ್ಕಾಗಿ ಅನಿಯೆನೆ ನದಿಯ ನೀರನ್ನು ಊರಿನ ಅಡಿಯಲ್ಲೇ ಸುರಂಗ ಕೊರೆದು ತಂದರು. ನದಿಯ ಮಟ್ಟ ಉದ್ಯಾನಕ್ಕಿಂತ ಮೇಲಿತ್ತು, ಹಾಗಾಗಿ ಒಂದೇ ಒಂದು ಪಂಪ್ ಇಲ್ಲದೆ ನೂರಾರು ಬಾಯಿಗಳಿಂದ ನೀರು ಹಗಲುರಾತ್ರಿ ಚಿಮ್ಮುತ್ತಿತ್ತು. ಮೇಲಿನ ಹಂತದ ಕಾರಂಜಿಯಲ್ಲಿ ಚಿಮ್ಮಿದ ನೀರು ಕೊಳಕ್ಕೆ ಬೀಳುತ್ತದೆ, ಆ ಕೊಳವೇ ಕೆಳಗಿನ ಹಂತದ ಕಾರಂಜಿಗೆ ಟ್ಯಾಂಕ್ ಆಗುತ್ತದೆ. ನೀವು ಗಮನಿಸಿದ ಮೆಟ್ಟಿಲು ರೂಪಕ್ಕೆ ಇದೇ ಮುಖ್ಯ ಕಾರಣ: ಪ್ರತಿ ಮೆಟ್ಟಿಲಿನಲ್ಲೂ ಅದೇ ನೀರನ್ನು ಮತ್ತೊಮ್ಮೆ ದುಡಿಸಿಕೊಳ್ಳಬಹುದು. ಈ ಕೆಲಸ ನಡೆಯುತ್ತಿದ್ದ 1560ರ ದಶಕದಲ್ಲೇ ನಮ್ಮ ಹೊಳೆಯ ಆಚೆಗೆ ವಿಜಯನಗರ ಬಿದ್ದಿತು ಎಂದು ನೆನಪಿಸಿದರೆ ವಿದ್ಯಾರ್ಥಿಗಳಿಗೆ ಕಾಲದ ಅಂದಾಜು ಸಿಗುತ್ತದೆ.

ವರ್ಸೈನದು ಇದಕ್ಕೆ ಪೂರ್ತಿ ವಿರುದ್ಧವಾದ ಸ್ಥಿತಿ. ಅದು ಜೌಗು ನೆಲ, ಹತ್ತಿರದಲ್ಲಿ ದೊಡ್ಡ ನದಿಯಿಲ್ಲ, ಸೇನ್ ನದಿ ದೂರದಲ್ಲಿ, ಬಹಳ ಕೆಳಗಿನ ಮಟ್ಟದಲ್ಲಿ ಹರಿಯುತ್ತದೆ. ಮೊದಲು ಪಕ್ಕದ ಕ್ಲಾನ್ಯಿ ಕೆರೆಯಿಂದ ಕುದುರೆ ಮತ್ತು ಗಾಳಿಗಿರಣಿಗಳ ಬಲದಿಂದ ನೀರೆತ್ತಿದರು. ಅದು ಸಾಲಲಿಲ್ಲ. ಲುವಾರ್ ನದಿಯನ್ನೇ ತಿರುಗಿಸಿ ತರುತ್ತೇನೆಂದು ಮಿದಿ ಕಾಲುವೆಯ ನಿರ್ಮಾಪಕ ರಿಕೆ ಮುಂದೆ ಬಂದ. ಆಗ ಖಗೋಳ ವಿಜ್ಞಾನಿ ಪಿಕಾರ್ ದೂರದರ್ಶಕ ಅಳವಡಿಸಿದ ಲೆವೆಲ್ ಉಪಕರಣದಿಂದ ಅಳೆದು, ಆ ನದಿಯ ಮಟ್ಟವೇ ಸಾಲದು, ನೀರು ವರ್ಸೈಗೆ ಏರುವುದಿಲ್ಲ ಎಂದು ತೋರಿಸಿದ. ಒಂದು ಸರಿಯಾದ ಅಳತೆ ಅರಸನ ಬೊಕ್ಕಸಕ್ಕೆ ಎಷ್ಟು ಹಣ ಉಳಿಸಿರಬಹುದೆಂದು ಯೋಚಿಸಿದಾಗಲೆಲ್ಲ ನನಗೆ ಪಿಕಾರ್ ಮೇಲೆ ಗೌರವ ಹೆಚ್ಚುತ್ತದೆ.

ಮುಂದಿನ ಪ್ರಯತ್ನ ಮಾರ್ಲಿ ಯಂತ್ರ. ಇದನ್ನು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕು. ಲಿಯೇಜ್ ಪ್ರದೇಶದ ಬಡಗಿ ರೆನೆಕೆನ್ ಸುವಾಲೆಂ ಕಟ್ಟಿದ ಈ ಯಂತ್ರ 1684ರಲ್ಲಿ ಚಾಲನೆಗೊಂಡಿತು. ಸೇನ್ ನದಿಗೆ ಅಡ್ಡಲಾಗಿ ಸಾಲಾಗಿ 14 ಚಕ್ರಗಳು, ಒಂದೊಂದರ ವ್ಯಾಸ 11 ಮೀಟರಿಗೂ ಹೆಚ್ಚು. ನೀರನ್ನು ಏರಿಸಬೇಕಾಗಿದ್ದ ಎತ್ತರ 150 ಮೀಟರಿಗಿಂತ ಅಧಿಕ. ಅಷ್ಟು ಎತ್ತರಕ್ಕೆ ಒಂದೇ ಹಂತದಲ್ಲಿ ನೂಕಿದರೆ ಅಂದಿನ ಕೊಳವೆಗಳು ಒಡೆದುಹೋಗುತ್ತಿದ್ದವು, ಆದ್ದರಿಂದ ಗುಡ್ಡದ ಮೇಲೆ ಎರಡು ಕಡೆ ತೊಟ್ಟಿ ಕಟ್ಟಿ ಮೂರು ಹಂತದಲ್ಲಿ ಎತ್ತಿದರು. ಆದರೆ ಗುಡ್ಡದ ಮೇಲಿನ ಪಂಪುಗಳನ್ನು ನಡೆಸಲು ಅಲ್ಲಿ ನದಿಯಿಲ್ಲವಲ್ಲ? ಅದಕ್ಕಾಗಿ ಕೆಳಗಿನ ಚಕ್ರಗಳಿಂದ ಗುಡ್ಡದ ತನಕ ಸಾಲುಸಾಲಾಗಿ ಸರಳುಗಳನ್ನು ಜೋಡಿಸಿ, ಚಕ್ರ ತಿರುಗಿದಂತೆ ಅವು ಹಿಂದೆಮುಂದೆ ಜಗ್ಗುತ್ತ 220ಕ್ಕೂ ಹೆಚ್ಚು ಪಂಪುಗಳನ್ನು ನಡೆಸುವಂತೆ ಮಾಡಿದರು. ಗಣಿಗಳಲ್ಲಿ ನೀರು ಹೊರಹಾಕಲು ಬಳಸುತ್ತಿದ್ದ ಉಪಾಯವಿದು. ಅದರ ಕಿರುಗುಟ್ಟುವ ಸದ್ದು ಬಹುದೂರದವರೆಗೆ ಕೇಳುತ್ತಿತ್ತಂತೆ. ದುರಸ್ತಿಯ ಕೆಲಸಕ್ಕೆ ಕೊನೆಯೇ ಇರಲಿಲ್ಲ.

ಇಷ್ಟಾದರೂ ನೀರು ಸಾಲದೆ, 1685ರಲ್ಲಿ ಯೂರ್ ನದಿಯಿಂದ ಸುಮಾರು 80 ಕಿಲೋಮೀಟರ್ ಕಾಲುವೆ ತೋಡಲು ಹೊರಟರು. ಕೋಟೆಗಳ ಇಂಜಿನಿಯರ್ ವೋಬಾನ್ ಮೇಲುಸ್ತುವಾರಿಯಲ್ಲಿ ಸುಮಾರು 30,000 ಸೈನಿಕರು ದುಡಿದರು, ಜ್ವರದಿಂದ ಬಹಳ ಜನ ಸತ್ತರು. 1688ರಲ್ಲಿ ಯುದ್ಧ ಬಂದು ಕೆಲಸ ನಿಂತದ್ದು ಮತ್ತೆ ಆರಂಭವಾಗಲಿಲ್ಲ. ಮೆಂತ್‌ನೋನ್ ಎಂಬಲ್ಲಿ ಆ ಮೇಲ್ಗಾಲುವೆಯ ಅರ್ಧಕ್ಕೆ ನಿಂತ ಕಮಾನುಗಳು ಇಂದಿಗೂ ಇವೆ.

ಹಾಗಾದರೆ ಕಾರಂಜಿಗಳು ನಡೆದದ್ದು ಹೇಗೆ? ಎಲ್ಲವೂ ಏಕಕಾಲಕ್ಕೆ ನಡೆಯಲೇ ಇಲ್ಲ. ಅರಸ ವಿಹಾರಕ್ಕೆ ಹೊರಟಾಗ ಕಾರಂಜಿಗಳ ನೌಕರರು ಶಿಳ್ಳೆ ಊದಿ ಒಬ್ಬರಿಗೊಬ್ಬರು ಸೂಚನೆ ಕೊಡುತ್ತಿದ್ದರು. ಅವನು ಬರುವ ಮುನ್ನ ಮುಂದಿನ ಕಾರಂಜಿಯ ಕವಾಟ ತೆರೆಯುತ್ತಿತ್ತು, ಅವನು ದಾಟಿದ ಮೇಲೆ ಹಿಂದಿನದು ಮುಚ್ಚುತ್ತಿತ್ತು. ನಮ್ಮ ನೀರುಗಂಟಿಗಳು ತೂಬುಗಳನ್ನು ಸರದಿಯ ಪ್ರಕಾರ ತೆರೆದು ಮುಚ್ಚುವಂತೆಯೇ ಅಲ್ಲಿಯೂ ಸರದಿ ಇತ್ತು. ಅಲ್ಲಿ ಸರದಿ ನಿಂತಿದ್ದು ಒಬ್ಬ ಮನುಷ್ಯನ ನಡಿಗೆಯ ಮೇಲೆ.

ಉತ್ತರ 2: ಉದ್ಯಾನ ವಿನ್ಯಾಸಕಿ, ಬಳ್ಳಾರಿ

ಇಂಜಿನಿಯರ್ ಸರ್ ಅವರ ವಿವರಣೆಗೆ ಕೃತಜ್ಞತೆಗಳು. ವಿನ್ಯಾಸ ಮಾಡುವವಳಾಗಿ ನನಗೆ ಅನಿಸುವುದೇನೆಂದರೆ, ನೀರು ಕೇವಲ ಗಡಿಯನ್ನು ಹಾಕಿತು. ಆ ಗಡಿಯೊಳಗೆ ಏನು ಮಾಡಬೇಕೆಂಬುದು ವಿನ್ಯಾಸಕಾರನ ಜಾಣ್ಮೆಗೆ ಬಿಟ್ಟದ್ದು. ವರ್ಸೈನ ವಿನ್ಯಾಸಕಾರ ಆಂದ್ರೆ ಲ ನೋತ್ರ್ ಚಿಮ್ಮುವ ನೀರು ಸಾಲದೆಂಬುದನ್ನು ಅರಿತೇ ನಿಂತ ನೀರಿಗೆ ಅಷ್ಟು ಜಾಗ ಕೊಟ್ಟನೆಂದು ನಾನು ಭಾವಿಸುತ್ತೇನೆ. ಅಲ್ಲಿನ ಮಹಾ ಕಾಲುವೆಯ ಉದ್ದ 1,670 ಮೀಟರ್. 1668ರಲ್ಲಿ ಆರಂಭವಾದ ಅದರ ಕೆಲಸ ಹನ್ನೊಂದು ವರ್ಷ ನಡೆಯಿತು. ಉದ್ಯಾನದ ಅತ್ಯಂತ ತಗ್ಗಿನ ಭಾಗದಲ್ಲಿರುವ ಅದು ಜೌಗು ನೆಲದ ನೀರು ಬಸಿದು ಸೇರುವ ಜಾಗವೂ ಹೌದು, ಮುಳುಗುವ ಸೂರ್ಯನ ಬೆಳಕನ್ನು ಅರಮನೆಯತ್ತ ತೋರಿಸುವ ಕನ್ನಡಿಯೂ ಹೌದು. ಬಸಿಗಾಲುವೆಯನ್ನೇ ಉದ್ಯಾನದ ಅತಿ ದೊಡ್ಡ ಅಲಂಕಾರವಾಗಿ ಮಾಡಿದ ಆ ತೀರ್ಮಾನವನ್ನು ನಾನು ಅಲ್ಲಿನ ಎಲ್ಲ ಕಾರಂಜಿಗಳಿಗಿಂತ ಮೇಲೆ ಇಡುತ್ತೇನೆ.

ಇಂಗ್ಲೆಂಡಿನ ವಿಷಯ ಬೇಗ ಹೇಳಬಹುದು. ಅಲ್ಲಿ ಹದಿನೆಂಟನೆಯ ಶತಮಾನದಲ್ಲಿ ಹಳ್ಳಕ್ಕೆ ಒಡ್ಡು ಹಾಕಿ ಕೆರೆ ಮಾಡುವುದು ರೂಢಿಯಾಯಿತು. ಲಂಡನ್ನಿನ ಹೈಡ್ ಪಾರ್ಕಿನ ಸರ್ಪೆಂಟೈನ್ ಕೆರೆ 1730ರ ಸುಮಾರಿಗೆ ವೆಸ್ಟ್‌ಬೋರ್ನ್ ಹಳ್ಳವನ್ನು ತಡೆದು ಮಾಡಿದ್ದು. ಬ್ಲೆನ್ಹೈಮ್ ಅರಮನೆಯಲ್ಲಿ ಲಾನ್ಸೆಲಾಟ್ ಬ್ರೌನ್ 1760ರ ದಶಕದಲ್ಲಿ ಗ್ಲೈಮ್ ನದಿಗೆ ಒಡ್ಡು ಕಟ್ಟಿದ. ಮಳೆ ಹಂಚಿ ಬೀಳುವ ತಂಪು ದೇಶದಲ್ಲಿ ಇದು ಅಗ್ಗದ ಮಾರ್ಗ. ಪಂಪ್ ಬೇಡ, ಕೊಳವೆ ಬೇಡ, ಒಡ್ಡು ಗಟ್ಟಿಯಾಗಿದ್ದರೆ ಸಾಕು.

ನಾನು ಹೆಚ್ಚು ಹೊತ್ತು ನಿಲ್ಲಲು ಬಯಸುವುದು ಸ್ಪೇನಿನ ಗ್ರನಾಡದಲ್ಲಿ. ನಮ್ಮ ಬಳ್ಳಾರಿಯ ಬಿಸಿಲಿಗೆ ಹೊಂದುವ ಯುರೋಪಿನ ಉದ್ಯಾನ ಯಾವುದಾದರೂ ಇದ್ದರೆ ಅದು ಅಲ್ಲಿಯದೇ. ಹದಿಮೂರನೆಯ ಶತಮಾನದಲ್ಲಿ ನಸ್ರಿದ್ ವಂಶದ ಸುಲ್ತಾನರು ಅಲ್‌ಹಂಬ್ರಾ ಬೆಟ್ಟಕ್ಕೆ ನೀರು ತರಲು ದಾರೋ ನದಿಯನ್ನು ಸುಮಾರು 6 ಕಿಲೋಮೀಟರ್ ಮೇಲ್ಭಾಗದಲ್ಲೇ ತಡೆದು, ಬೆಟ್ಟದ ಪಕ್ಕೆಯಲ್ಲಿ ರಾಜಕಾಲುವೆಯನ್ನು ತೋಡಿದರು. ಅರಮನೆ, ಸ್ನಾನಗೃಹ, ಮಸೀದಿ, ಜನವಸತಿ ಎಲ್ಲಕ್ಕೂ ಅದರದೇ ನೀರು. ಆ ಕಾಲುವೆಯ ಒಂದು ಕವಲು ಜೆನೆರಲಿಫೆ ಎಂಬ ಬೇಸಿಗೆ ಅರಮನೆಯ ಅಂಗಳದ ನಡುವೆಯೇ ಹಾದುಹೋಗುತ್ತದೆ. ಸುಮಾರು 50 ಮೀಟರ್ ಉದ್ದದ ಇಕ್ಕಟ್ಟಾದ ಅಂಗಳ, ನಡುವೆ ಹರಿಯುವ ಸಣ್ಣ ಕಾಲುವೆ, ಎರಡೂ ಪಕ್ಕದಲ್ಲಿ ಗಿಡಗಳ ಪಾತಿಗಳು, ಬಿಸಿಲು ತಡೆಯುವ ಎತ್ತರದ ಗೋಡೆಗಳು. ಉದ್ಯಾನಕ್ಕೆಂದು ಬೇರೆ ನೀರು ತಂದಿಲ್ಲ. ಅಡ್ಡಲಾಗಿ ಚಿಮ್ಮುವ ಕಾರಂಜಿಗಳನ್ನು ಇಂದು ಎಲ್ಲ ಚಿತ್ರಗಳಲ್ಲೂ ಕಾಣುತ್ತೇವೆ, ಆದರೆ ಅವು ಬಹಳ ನಂತರ ಸೇರಿಸಿದವು.

ಉದ್ಯಾನದ ಕೆಲಸಕ್ಕೆ ಕರೆದವರು ನನ್ನನ್ನು ಮೊದಲು ಕೇಳುವುದು ಕಾರಂಜಿಯನ್ನು. ಬಿಸಿಗಾಳಿಗೆ ಮೇಲಕ್ಕೆ ಚಿಮ್ಮಿದ ನೀರಿನ ಒಂದು ಪಾಲು ಕೊಳಕ್ಕೆ ಮರಳುವುದೇ ಇಲ್ಲ, ನಮ್ಮ ಗಡಸು ನೀರಿನ ಸುಣ್ಣ ಕೆಲವೇ ತಿಂಗಳಲ್ಲಿ ನಾಜಲ್‌ಗಳ ಬಾಯಿ ಕಟ್ಟಿಬಿಡುತ್ತದೆ. ಹೀಗೆ ಒಣಗಿ ನಿಂತ, ಸಿಗರೇಟು ತುಂಡುಗಳು ತುಂಬಿದ ಕಾರಂಜಿಯ ತೊಟ್ಟಿಗಳು ನಮ್ಮ ಯಾವ ಊರಿನಲ್ಲಿಲ್ಲ? ನೆರಳಿನಲ್ಲಿ ಒಂದು ಗೇಣು ಅಗಲದ ಕಲ್ಲಿನ ಕಾಲುವೆ ಮಾಡಿ, ಅದರ ನೀರು ಕೊನೆಗೆ ಗಿಡದ ಬುಡ ಸೇರುವಂತೆ ಮಾಡಿದರೆ ಅದೇ ನೀರಿನಲ್ಲಿ ತೋಟವೂ ಉಳಿಯುತ್ತದೆ, ಸದ್ದೂ ತಂಪೂ ಸಿಗುತ್ತವೆ.

ಉತ್ತರ 3: ಕೃಷಿಕ, ಮಾನ್ವಿ ತಾಲ್ಲೂಕು, ರಾಯಚೂರು ಜಿಲ್ಲೆ

ಹಿರಿಯರಿಬ್ಬರ ಮಾತುಗಳನ್ನು ಆಸಕ್ತಿಯಿಂದ ಓದಿದೆ. ಆದರೆ ವಿದ್ಯಾರ್ಥಿಗಳು ಕೇಳಿದ ಮೂರನೆಯ ಪ್ರಶ್ನೆಗೆ, ಊರಿನವರು ಏನು ಕುಡಿಯುತ್ತಿದ್ದರು ಎಂಬುದಕ್ಕೆ, ಇನ್ನೂ ಉತ್ತರ ಬಂದಿಲ್ಲ. ಕಾಲುವೆಯ ಕೊನೆ ಭಾಗದಲ್ಲಿ ಜಮೀನು ಇರುವ ನನಗೆ ಆ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮೇಲಿನವರು ಎಷ್ಟು ನೀರು ಹಿಡಿದುಕೊಂಡರು ಎಂಬುದರ ಮೇಲೆ ನಮ್ಮ ಬೆಳೆ ನಿಂತಿರುತ್ತದೆ.

ಪ್ಯಾರಿಸ್ಸಿನಲ್ಲಿ 1608ರಲ್ಲಿ ಪೋಂ ನಫ್ ಸೇತುವೆಯ ಬಳಿ ಸಮರಿತೇನ್ ಎಂಬ ಪಂಪ್ ಕಟ್ಟಿದಾಗ ಅದರ ನೀರು ಮುಖ್ಯವಾಗಿ ಹೋದದ್ದು ಲೂವ್ರ್ ಅರಮನೆಗೆ ಮತ್ತು ತುಯಿಲರಿ ಉದ್ಯಾನಕ್ಕೆ. ಸಾಮಾನ್ಯ ಜನ ಬಾವಿಗಳನ್ನೂ, ಕೆಲವೇ ಸಾರ್ವಜನಿಕ ನಲ್ಲಿಗಳನ್ನೂ, ಹೆಗಲ ಮೇಲೆ ಬಕೆಟ್ ಹೊತ್ತು ಮಾರುವವರನ್ನೂ ನಂಬಿಕೊಂಡಿದ್ದರು. ಅದೇ ಕಾಲಕ್ಕೆ ಲಂಡನ್ನಿನಲ್ಲಿ ಬೇರೆ ಬಗೆಯ ಕೆಲಸ ನಡೆಯಿತು. 1609ರಿಂದ 1613ರವರೆಗೆ ಹ್ಯೂ ಮಿಡಲ್ಟನ್ ಎಂಬ ವ್ಯಾಪಾರಿ ಹರ್ಟ್‌ಫರ್ಡ್‌ಶೈರಿನ ಬುಗ್ಗೆಗಳಿಂದ ನಗರದವರೆಗೆ ಸುಮಾರು 62 ಕಿಲೋಮೀಟರ್ ಉದ್ದದ ನ್ಯೂ ರಿವರ್ ಕಾಲುವೆಯನ್ನು ತೋಡಿಸಿದ. ಹಣ ಸಾಲದಾದಾಗ ಮೊದಲನೆಯ ಜೇಮ್ಸ್ ಅರಸ ಅರ್ಧ ಖರ್ಚನ್ನು ವಹಿಸಿಕೊಂಡ. ಒಟ್ಟು ಇಳಿಜಾರು ಆರು ಮೀಟರಿಗೂ ಕಡಿಮೆ. ಇಂಜಿನಿಯರ್ ಸರ್ ಹೇಳಿದ ರೋಮನ್ ಕಾಲುವೆಗಿಂತಲೂ ಇದು ಸೂಕ್ಷ್ಮವಾದ ಕೆಲಸ. ಕಾರಂಜಿಗಳ ಚಿತ್ರಗಳ ಪಕ್ಕದಲ್ಲಿ ಈ ಕಾಲುವೆಯ ನಕ್ಷೆಯನ್ನೂ ತರಗತಿಯಲ್ಲಿ ತೋರಿಸಬೇಕೆಂದು ಉಪನ್ಯಾಸಕರಲ್ಲಿ ನನ್ನ ವಿನಂತಿ.

ಇನ್ನೊಂದು ಉದಾಹರಣೆ ಸ್ಪೇನಿನ ವಲೆನ್ಸಿಯಾ ನಗರದ್ದು. ಅಲ್ಲಿ ತೂರಿಯಾ ನದಿಯ ಎಂಟು ಕಾಲುವೆಗಳ ರೈತರು ತಮ್ಮೊಳಗಿನಿಂದಲೇ ಆರಿಸಿದ ನ್ಯಾಯಾಧೀಶರು ಪ್ರತಿ ಗುರುವಾರ ಮಧ್ಯಾಹ್ನ ಪ್ರಧಾನ ಚರ್ಚಿನ ಬಾಗಿಲ ಬಳಿ ಕೂತು ನೀರಿನ ಜಗಳಗಳನ್ನು ತೀರಿಸುತ್ತಾರೆ. ವಕೀಲರಿಲ್ಲ, ಎಲ್ಲವೂ ಬಾಯಿಮಾತಿನಲ್ಲಿ, ತೀರ್ಪು ಅಲ್ಲಿಯೇ. ಶತಮಾನಗಳಿಂದ ನಡೆದುಬಂದ ಈ ಪದ್ಧತಿಯನ್ನು 2009ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಬಳ್ಳಾರಿಯ ಮೇಡಂ ಹೊಗಳಿದ ಗ್ರನಾಡದ ಅಂಗಳವೂ, ಈ ನ್ಯಾಯಾಲಯವೂ ಕಾಲುವೆಯನ್ನು ಹಂಚಿಕೊಂಡು ಬದುಕುವ ಒಂದೇ ನಾಡಿನಲ್ಲಿ ಉಳಿದುಬಂದವು ಎಂಬುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಕುಡಿಯುವ ನೀರನ್ನೂ ಉದ್ಯಾನದ ನೀರನ್ನೂ ಬೇರೆ ಮಾಡಿದ ಕೀರ್ತಿ ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿಗೆ ಸೇರಬೇಕು. 1850ರ ದಶಕದಿಂದ ಇಂಜಿನಿಯರ್ ಬೆಲ್‌ಗ್ರಾಂ ದೂರದ ಬುಗ್ಗೆಗಳ ನೀರನ್ನು ಮನೆಗಳಿಗೆ ತಂದ. ಊರ್ಕ್ ಕಾಲುವೆ ಮತ್ತು ಸೇನ್ ನದಿಯ ನೀರನ್ನು ಬೀದಿ ತೊಳೆಯಲು, ಉದ್ಯಾನಗಳಿಗೆ ಪ್ರತ್ಯೇಕ ಕೊಳವೆಗಳಲ್ಲಿ ಬಿಟ್ಟ. 1867ರಲ್ಲಿ ತೆರೆದ ಬ್ಯೂತ್ ಶೋಮೋಂ ಉದ್ಯಾನದ ಜಲಪಾತಕ್ಕೆ ಬಳಸಿದ್ದು ಊರ್ಕ್ ಕಾಲುವೆಯ ನೀರು. ಆ ಎರಡನೆಯ ಕೊಳವೆಜಾಲ ಇಂದಿಗೂ ಕೆಲಸ ಮಾಡುತ್ತಿದೆ. ಬೇಸಿಗೆಯಲ್ಲಿ ಕುಡಿಯುವ ನೀರಿಗಾಗಿ ಟ್ಯಾಂಕರ್ ಕಾಯುವ ನಮ್ಮ ಪಟ್ಟಣಗಳಲ್ಲಿ, ಅದೇ ಶುದ್ಧೀಕರಿಸಿದ ನೀರನ್ನು ಪಾರ್ಕಿನ ಹುಲ್ಲಿಗೆ ಬಿಡುವುದನ್ನು ನೋಡುವಾಗ ಈ ವ್ಯವಸ್ಥೆ ನನಗೆ ನೆನಪಾಗುತ್ತದೆ.

ಪ್ರಶ್ನೆ ಕೇಳಿದವರಿಂದ: ಇತಿಹಾಸ ಉಪನ್ಯಾಸಕ, ಗಂಗಾವತಿ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ನ್ಯೂ ರಿವರ್ ನಕ್ಷೆಯನ್ನೂ ವಲೆನ್ಸಿಯಾದ ನ್ಯಾಯಾಲಯವನ್ನೂ ಪಾಠದಲ್ಲಿ ಸೇರಿಸುತ್ತೇನೆ. ಇಂಜಿನಿಯರ್ ಸರ್ ಅವರಲ್ಲಿ ಇನ್ನೊಂದು ಪ್ರಶ್ನೆ. ಮೇಲಿನ ತೊಟ್ಟಿಯ ಮಟ್ಟದಷ್ಟೇ ಎತ್ತರಕ್ಕೆ ಕಾರಂಜಿ ಚಿಮ್ಮಬೇಕಲ್ಲವೇ? ಹಾಗೆ ಚಿಮ್ಮುವುದಿಲ್ಲ ಎಂದು ಒಬ್ಬ ವಿದ್ಯಾರ್ಥಿನಿ ತಮ್ಮ ಮನೆಯ ಸಿಂಟೆಕ್ಸ್ ಟ್ಯಾಂಕಿನ ಪೈಪನ್ನು ಉದಾಹರಿಸಿ ವಾದಿಸಿದಳು. ಆ ಕಾಲದವರಿಗೆ ಇದು ತಿಳಿದಿತ್ತೇ?

ಉತ್ತರ 4: ನಿವೃತ್ತ ನೀರಾವರಿ ಇಂಜಿನಿಯರ್, ಸಿಂಧನೂರು

ಆ ವಿದ್ಯಾರ್ಥಿನಿ ಹೇಳಿದ್ದು ಸರಿ, ಆಕೆಗೆ ನನ್ನ ಅಭಿನಂದನೆ ತಿಳಿಸಿ. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮಾರಿಯೋತ್ ಇದನ್ನೇ ಅಳೆದು ನೋಡಿದ. ಅವನ ಬರಹ ಅವನು ತೀರಿಕೊಂಡ ಮೇಲೆ 1686ರಲ್ಲಿ ಅಚ್ಚಾಯಿತು. ಅವನ ಲೆಕ್ಕ ಹೀಗಿದೆ: 5 ಅಡಿ ಎತ್ತರ ಚಿಮ್ಮಬೇಕಾದರೆ ತೊಟ್ಟಿ 5 ಅಡಿ 1 ಅಂಗುಲ ಎತ್ತರದಲ್ಲಿರಬೇಕು. ಎತ್ತರ ಎರಡು ಪಟ್ಟಾದರೆ ಈ ಹೆಚ್ಚುವರಿ ನಾಲ್ಕು ಪಟ್ಟಾಗುತ್ತದೆ, ಅಂದರೆ 10 ಅಡಿಗೆ 4 ಅಂಗುಲ, 50 ಅಡಿಗೆ 100 ಅಂಗುಲ. ಗಾಳಿಯ ತಡೆ ಮತ್ತು ಕೆಳಗೆ ಮರಳುವ ನೀರಿನ ಹೊಡೆತ ಇದಕ್ಕೆ ಕಾರಣ. ಇದರ ಜೊತೆಗೆ ಕೊಳವೆಯೊಳಗಿನ ಘರ್ಷಣೆಯ ನಷ್ಟವೂ ಸೇರುತ್ತದೆ, ಕೊಳವೆ ಸಣ್ಣದಾದಷ್ಟೂ ಆ ನಷ್ಟ ಹೆಚ್ಚು. ಇಂದು ನಾವು ಕಲಿಯುವ ದ್ರವಚಲನ ಶಾಸ್ತ್ರದ ಎಷ್ಟೋ ಪ್ರಯೋಗಗಳು ಹೀಗೆ ಉದ್ಯಾನಗಳ ಕಾರಂಜಿಗಳಿಗೆ ಸಂಬಂಧಿಸಿಯೇ ನಡೆದವು.

ಲೆಕ್ಕ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪ್ರಷ್ಯದ ಅರಸ ಫ್ರೆಡರಿಕ್‌ನ ಸಾನ್‌ಸೂಸಿ ಉದ್ಯಾನವಿದೆ. 1748ರಲ್ಲಿ ಸಮೀಪದ ಗುಡ್ಡದ ಮೇಲೆ ದೊಡ್ಡ ತೊಟ್ಟಿ ಕಟ್ಟಿ, ಗಾಳಿಗಿರಣಿಯ ಪಂಪಿನಿಂದ ಅದನ್ನು ತುಂಬಿಸುವ ಯೋಜನೆ ಹಾಕಿದರು. ಕೊಳವೆಗಳನ್ನು ಮರದಿಂದ ಮಾಡಿದ್ದರು. ಗಣಿತಜ್ಞ ಆಯ್ಲರ್ ಒತ್ತಡವನ್ನು ಲೆಕ್ಕ ಹಾಕಿ, ಈ ಕೊಳವೆಗಳು ತಡೆಯುವುದಿಲ್ಲ, ಸೀಸದ ದಪ್ಪ ಕೊಳವೆಗಳು ಬೇಕೆಂದು 1749ರಲ್ಲೇ ಅರಸನಿಗೆ ಬರೆದ. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಕೊಳವೆಗಳು ಒಡೆದವು. 1754ರಲ್ಲಿ ತೊಟ್ಟಿಯಲ್ಲಿ ತುಂಬಿದ ಮಳೆ ಮತ್ತು ಹಿಮದ ನೀರಿನಿಂದ ಸ್ವಲ್ಪ ಹೊತ್ತು ಕಾರಂಜಿ ಚಿಮ್ಮಿದ್ದು ಬಿಟ್ಟರೆ ಅರಸ ತನ್ನ ಜೀವಮಾನದಲ್ಲಿ ಅದನ್ನು ಕಾಣಲಿಲ್ಲ. ಮುಂದೆ ವಾಲ್ಟೇರನಿಗೆ ಬರೆದ ಕಾಗದದಲ್ಲಿ ಅವನು ಆಯ್ಲರನ ಗಣಿತವನ್ನೇ ಹಂಗಿಸಿದ, ಅದು ಅನ್ಯಾಯ. 1842ರಲ್ಲಿ ಬೋರ್ಸಿಗ್ ಕಾರ್ಖಾನೆಯ ಉಗಿಯಂತ್ರ ಬಂದ ಮೇಲೆ ಅಲ್ಲಿ ನೀರು 38 ಮೀಟರ್ ಎತ್ತರಕ್ಕೆ ಚಿಮ್ಮಿತು.

ರಷ್ಯದ ಪೀಟರ್ ದೊರೆ 1717ರಲ್ಲಿ ವರ್ಸೈ ನೋಡಿ ಬಂದವನು. ಅವನ ಪೀಟರ್‌ಹೋಫ್ ಉದ್ಯಾನಕ್ಕೆ 1721ರಲ್ಲಿ ತುವೊಲ್ಕೊವ್ ಎಂಬ ಇಂಜಿನಿಯರ್ ರೊಪ್ಶಾ ಎತ್ತರದ ಬುಗ್ಗೆಗಳಿಂದ 20 ಕಿಲೋಮೀಟರಿಗೂ ಹೆಚ್ಚು ಉದ್ದದ ಕಾಲುವೆ ತೋಡಿದ. ಅಲ್ಲಿ ಪಂಪ್ ಇಲ್ಲ, ಇಳಿಜಾರಿನ ಬಲದಿಂದಲೇ ಕಾರಂಜಿಗಳು ಇಂದಿಗೂ ಚಿಮ್ಮುತ್ತವೆ. ವರ್ಸೈ, ಸಾನ್‌ಸೂಸಿ, ಪೀಟರ್‌ಹೋಫ್ ಮೂರನ್ನೂ ಒಟ್ಟಿಗೆ ಇಟ್ಟು, ಪ್ರತಿಯೊಂದರಲ್ಲೂ ನೀರಿನ ಮೂಲ ಮತ್ತು ಕಾರಂಜಿಯ ಮಟ್ಟಗಳನ್ನು ಕಪ್ಪುಹಲಗೆಯ ಮೇಲೆ ಅಡ್ಡಗೆರೆಗಳಾಗಿ ಬರೆದು ತೋರಿಸಿ. ನಿಮ್ಮ ವಿದ್ಯಾರ್ಥಿಗಳನ್ನು ಒಮ್ಮೆ ಹೊಳೆ ದಾಟಿಸಿ ಹಂಪಿಗೆ ಕರೆದೊಯ್ದರೆ, ಕಲ್ಲಿನ ಕಂಬಗಳ ಮೇಲೆ ಕಲ್ಲಿನ ದೋಣಿಗಳನ್ನು ಜೋಡಿಸಿ ಅರಮನೆಯ ಆವರಣದ ಪುಷ್ಕರಣಿಯತ್ತ ನೀರು ಹರಿಸಿದ ಮೇಲ್ಗಾಲುವೆಯ ಬಳಿ ನಿಲ್ಲಿಸಿ, ಪಾರದರ್ಶಕ ಪ್ಲಾಸ್ಟಿಕ್ ಪೈಪಿನಲ್ಲಿ ನೀರು ತುಂಬಿ ಅದರ ಎರಡು ತುದಿಗಳ ಮಟ್ಟವನ್ನು ಅಳೆಯಲು ಹೇಳಿ. ನಮ್ಮ ಗೌಂಡಿಗಳು ಮನೆಯ ತಳಪಾಯಕ್ಕೆ ಮಟ್ಟ ನೋಡುವ ವಿಧಾನವೇ ಅದು, ಕೆಲಸಕ್ಕೆ ಇಪ್ಪತ್ತು ಅಡಿ ಪೈಪ್ ಸಾಕು.